ಭಾರಕ್ಕೆ ಕೂತವರು

ದ್ರಾಕ್ಷಿ ಕೊಯ್ಲು ಹತ್ತಿರ ಬಂತೆಂದರೆ ನಾವು ಮನೆಯವರು ತಟ್ಟೆಯಲ್ಲಿ ಒಂದು ಗೊಂಚಲು ಹಣ್ಣು, ಅರಿಸಿನ, ಕುಂಕುಮ ಇಟ್ಟುಕೊಂಡು ಊರಲ್ಲಿ ಮನೆಮನೆಗೆ ಹೋಗುತ್ತೇವೆ. ಹೋಗಿ ಕೇಳುವುದು ಒಂದೇ ಮಾತು: "ಈ ವರ್ಷ ನಿಮಗೇನರ ಚಿಂತಿ ಐತೇನ್ರಿ?" ಬೇರೆ ಊರಲ್ಲಿ ಹೀಗೆ ಕೇಳಿದರೆ ಪೊರಕೆ ತೋರಿಸುತ್ತಾರೆ. ನಮ್ಮೂರಲ್ಲಿ ಚಾಪೆ ಹಾಸಿ ಕೂರಿಸಿ, ಚಹಾ ಕೊಟ್ಟು, ಇದ್ದ ಚಿಂತೆಯನ್ನೆಲ್ಲ ಪೆಟ್ಟಿಗೆಯೊಳಗಿನ ಸೀರೆಗಳನ್ನು ತೆಗೆದು ತೋರಿಸಿದ ಹಾಗೆ ಒಂದೊಂದಾಗಿ ತೋರಿಸುತ್ತಾರೆ. ಗಟ್ಟಿ ಚಿಂತೆ ಇದ್ದವರಿಗೆ ಕುಂಕುಮ ಹಚ್ಚಿ, ಗೊಂಚಲು ಕೈಗಿಟ್ಟು, ರಸದ ಮನೆಗೆ ಭಾರಕ್ಕೆ ಕೂರಲು ಬನ್ನಿ ಎಂದು ಕರೆದು ಬರುತ್ತೇವೆ. ಕರೆ ಸಿಗದವರ ಮುಖ ಸಪ್ಪಗಾಗುತ್ತದೆ. ಆ ಸಪ್ಪಗಾದದ್ದು ನೋಡಿ ಅವರನ್ನೂ ಕರೆಯುವುದುಂಟು.

ಯಾಕೆಂದರೆ, ಹಿಂಡಿದ ರಸ ಪೀಪಾಯಿಯಲ್ಲಿ ಉಕ್ಕತೊಡಗಿದಾಗ ನಮ್ಮ ರಸದ ಮನೆ ನೆಲ ಬಿಟ್ಟು ಏಳುತ್ತದೆ. ಮರದ ಮನೆ ಅದು, ನಾಲ್ಕೂ ಕಡೆ ಪಡಸಾಲೆ, ಮಧ್ಯದಲ್ಲಿ ಆಳೆತ್ತರದ ಪೀಪಾಯಿ. ಮುತ್ತಜ್ಜನ ಕಾಲದಲ್ಲಿ ಬೀಸುವ ಕಲ್ಲು, ಒರಳು, ಕೊನೆಗೆ ಊರ ಅಗಸಿಯ ಬಾಗಿಲನ್ನೂ ತಂದು ಹೇರಿ ನೋಡಿದರಂತೆ. ಮನೆ ಅವೆಲ್ಲವನ್ನೂ ಹೊತ್ತುಕೊಂಡೇ ಎದ್ದಿತಂತೆ. ಚಿಂತೆ ಇರುವ ಮನುಷ್ಯ ಬಂದು ಪಡಸಾಲೆಯಲ್ಲಿ ಕೂತರೆ ಮಾತ್ರ ತೆಪ್ಪಗೆ ಇಳಿದು ಕೂರುತ್ತದೆ. ಬೇವಿನ ಮರಕ್ಕೊಂದು ಹಗ್ಗ ಕಟ್ಟಿರುತ್ತೇವೆ, ಆದರೆ ಹಗ್ಗವನ್ನು ನಂಬಿದವರು ನಮ್ಮಲ್ಲಿ ಯಾರೂ ಇಲ್ಲ. ರಸ ಉಕ್ಕಿ ತಣ್ಣಗಾಗುವ ತನಕ ಜನ ಸರದಿಯ ಮೇಲೆ ಕೂರುತ್ತಾರೆ. ಅವರಿಗೆ ರೊಟ್ಟಿ, ಶೇಂಗಾ ಚಟ್ನಿ, ಝುಣಕ ನಮ್ಮ ಮನೆಯಿಂದ. ನಗುವುದಕ್ಕೆ ಮಾತ್ರ ಅಪ್ಪಣೆ ಇಲ್ಲ. ಪೀಪಾಯಿಯ ಘಮಲು ಮೂಗಿಗೆ ಹತ್ತಿ ತಲೆ ಗಿರ್ ಎನ್ನುತ್ತಿರುವಾಗ ಮುಖ ಗಂಟಿಕ್ಕಿಕೊಂಡು ಕೂರುವುದೆಂದರೆ ಸಣ್ಣ ಕೆಲಸವಲ್ಲ.

ನಮ್ಮದು ಏಳು ತಲೆಮಾರಿನ ತೋಟ. ಹಿಂಡಿದ ಸಿಪ್ಪೆ ಕುರಿಗಳಿಗೆ, ಕುರಿಗಳ ಹಿಕ್ಕೆ ಬಳ್ಳಿಗಳಿಗೆ, ಸವರಿದ ಕಡ್ಡಿ ಒಲೆಗೆ, ಒಲೆಯ ಬೂದಿ ಮತ್ತೆ ಬಳ್ಳಿಯ ಬುಡಕ್ಕೆ. ಪೀಪಾಯಿ ತೊಳೆದ ನೀರು ಬದನೆ ಗಿಡಕ್ಕೆ ಹೋಗುತ್ತದೆ, ಅದಕ್ಕೇ ನಮ್ಮ ಬದನೆಕಾಯಿಗೆ ಸ್ವಲ್ಪ ಸೊಕ್ಕು. ಹುಳಕ್ಕೆ ಔಷಧಿ ಹೊಡೆಯುವುದಿಲ್ಲ, ಚಪ್ಪರದ ಕೆಳಗೆ ಬಾತುಕೋಳಿ ಬಿಟ್ಟಿದ್ದೇವೆ. ಅವು ಹುಳ ಹೆಕ್ಕುತ್ತವೆ, ನಡುನಡುವೆ ನಮ್ಮನ್ನೂ ಬೈಯುತ್ತವೆ. ರಸಕ್ಕೆ ಹೊರಗಿನ ಹೆಪ್ಪು ಹಾಕುವುದಿಲ್ಲ. ಹೆಪ್ಪು ಪೀಪಾಯಿಯ ಮರದೊಳಗೇ ಇದೆ, ಏಳು ತಲೆಮಾರಿನಿಂದ ಅಲ್ಲೇ ಮನೆ ಮಾಡಿಕೊಂಡಿದೆ. ಪೀಪಾಯಿ ಹೋದರೆ ಹೆಪ್ಪು ಹೋಯಿತು, ಹೆಪ್ಪು ಹೋದರೆ ತೋಟ ಇದ್ದೂ ಇಲ್ಲದ ಹಾಗೆ. ಹಳ್ಳದಾಚೆಯ ತೋಟದವರು ಹಾಗೇ ಆಗಿದ್ದಾರೆ. ಅಂಗಡಿಯಿಂದ ಪುಡಿ ತಂದು ರಸಕ್ಕೆ ಕಲಸುತ್ತಾರೆ. ಅವರ ಮನೆ ಏಳುವುದಿಲ್ಲ. ಅವರ ವೈನ್ ಕುಡಿದವರ ಹುಬ್ಬೂ ಏಳುವುದಿಲ್ಲ.

"ನಮ್ಮ ತ್ವಾಟದಾಗ ಯಾವುದೂ ಹಾಳ ಹೋಗಬಾರದು, ದುಃಖ ಸೈತ," ಎನ್ನುತ್ತಿದ್ದಳು ನನ್ನ ಆಯಿ, ಎಂದರೆ ನಮ್ಮಪ್ಪನ ತಾಯಿ ನೀಲವ್ವ. ತೋಟದ ಯಜಮಾನಿಕೆ ಅವಳದು, ಊರಿನ ಅತಿ ದೊಡ್ಡ ಭಾರವೂ ಅವಳದೇ. ಅವಳೊಬ್ಬಳು ಪಡಸಾಲೆಯ ಮೂಲೆಯಲ್ಲಿ ಕೂತರೆ ಉಳಿದವರು ಊಟಕ್ಕೆ ಎದ್ದು ಹೋಗಬಹುದಿತ್ತು. ಅವಳ ದುಃಖದ ಹೆಸರು ತಂಗೆವ್ವ, ಅವಳ ಒಡಹುಟ್ಟಿದ ತಂಗಿ. ನಾನು ಹುಟ್ಟುವ ಮೊದಲು ಒಂದು ಕೊಯ್ಲಿನಲ್ಲಿ ಇಬ್ಬರೂ ಹಣ್ಣು ತುಳಿಯುತ್ತಿದ್ದಾಗ, ನಾಲ್ಕು ಜನರ ಮುಂದೆ ಆಯಿ, "ನೀ ತುಳಿದ ರಸಾ ಹುಳಿ ಆಗತೈತಿ" ಎಂದುಬಿಟ್ಟಳಂತೆ. ನಮ್ಮ ಕಡೆ ಹೆಂಗಸಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ತಂಗೆವ್ವ ಕಾಲೂ ತೊಳೆಯದೆ ಗಂಡನ ಊರಿಗೆ, ಗುಡ್ಡಗಳ ಆಚೆಗೆ ಹೊರಟುಹೋದಳು. ನಲವತ್ತು ವರ್ಷ ಬರಲಿಲ್ಲ, ಒಂದು ಮಾತು ಹೇಳಿಯೂ ಕಳಿಸಲಿಲ್ಲ. ಆಯಿ ಹೋಗಿ ಕರೆಯಬಹುದಿತ್ತು. ಆದರೆ ಕರೆದು ತಂಗಿ ಬಂದರೆ ಮನೆ ಹಿಡಿಯುವವರು ಯಾರು? ಹೀಗೆ ಒಂದು ಕೊಯ್ಲಿಗೆ ಇನ್ನೊಂದು ಕೊಯ್ಲು ಸೇರಿ, ದುಃಖವೂ ಹೆಪ್ಪಿನ ಹಾಗೆ ಬಲಿಯಿತು.

ಅವಳ ನಂತರ ಭಾರಕ್ಕೆ ನಾನೇ ಎಂದು ನನ್ನ ಬಾಲ್ಯದಲ್ಲೇ ಗೊತ್ತಾಗಿತ್ತು. ನನ್ನ ಹೆಸರು ಸುಗಲಾ. ಹುಟ್ಟಿದಾಗ ಅಳುವುದಕ್ಕಿಂತ ಮೊದಲು ಹುಬ್ಬು ಗಂಟಿಕ್ಕಿದೆನಂತೆ. ಮಳೆ ಬಂದರೆ ಹೂ ಉದುರೀತೆಂದು, ಬರದಿದ್ದರೆ ಒಣಗೀತೆಂದು, ಹದವಾಗಿ ಬಂದರೆ ಇಷ್ಟು ಹದವಾಗಿ ಬಂದದ್ದರ ಹಿಂದೆ ಏನೋ ಇರಬೇಕೆಂದು ಚಿಂತೆ. ಆದರೆ ಈ ಎಲ್ಲ ಚಿಲ್ಲರೆ ಚಿಂತೆಗಳ ತಾಯಿ ಒಂದೇ: ಮನೆ ಎದ್ದು ಹೋದರೆ ಏನು ಗತಿ? "ಸುಗಲಾ ಕುಂತ್ರ ಮನಿ ಯಾಕ, ಗುಡ್ಡಾ ಸೈತ ಅಲುಗಂಗಿಲ್ಲ" ಎಂದು ಊರವರು ಹೊಗಳುತ್ತಿದ್ದರು. ನನಗೂ ಒಳಗೊಳಗೇ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಲಿ.

ನನ್ನ ಹೆಮ್ಮೆಗೆ ಇದ್ದ ಒಂದೇ ಅಪಾಯ ಬಡಗಿ ಮೌನೇಶಪ್ಪ. ಪ್ರತಿವರ್ಷ ಕೊಯ್ಲಿನ ಮೊದಲು ಬಂದು ಪೀಪಾಯಿಯ ಪಟ್ಟಿ ಬಿಗಿದು, ಸಂದುಗಳಿಗೆ ಸೆಣಬು ತುರುಕಿ, ಮೇಣ ಹಚ್ಚಿ ಹೋಗುವವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ. ಸಿಳ್ಳೆ ಹಾಕುತ್ತಲೇ ಕೆಲಸ ಮಾಡುವ ಮನುಷ್ಯ. ಅವರು ಒಳಗಿದ್ದರೆ ರಸವಿಲ್ಲದ ಖಾಲಿ ಮನೆಯೂ ಒಂದಿಷ್ಟು ಅದುರುತ್ತಿತ್ತು. ಹೋದ ವರ್ಷ ಕೆಲಸ ಮುಗಿಸಿ, ಕೈ ತೊಳೆದುಕೊಂಡು, ಮೆಟ್ಟಿಲ ಮೇಲೆ ನಿಂತು ಹೇಳಿದ್ದರು.

"ಸುಗಲವ್ವಾರ, ನಿಮಗ ಸಿಟ್ಟ ಬರಂಗಿಲ್ಲಂದ್ರ ಒಂದು ಮಾತು. ನನ್ನ ಮದುವಿ ಆಗ್ತೀರೇನು?"

"ನಾ ಖುಷಿಯಾದ್ರ ಮನಿ ಯಾರು ಹಿಡೀಬೇಕ್ರಿ?" ಎಂದೆ ನಾನು.

ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದು, ನೋಡಿ, ಮತ್ತೆ ಕಿವಿಗೇ ಇಟ್ಟುಕೊಂಡರು. "ನನ್ನ ಮದುವಿ ಆದ್ರ ಖುಷಿನ ಆಗತೈತಿ ಅಂತ ಯಾರ ಹೇಳ್ಯಾರ್ರಿ? ಚಿಂತಿ ಹೆಚ್ಚಾದ್ರೂ ಆಗಬಹುದು."

ನಗು ಗಂಟಲ ತನಕ ಬಂತು. ಕಾಲ ಕೆಳಗೆ ಮನೆ ಸಣ್ಣಗೆ ಮಿಸುಕಿತು. ನಾನು ಹೆದರಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಂದಿನಿಂದ ಅವರು ಕಂಡಾಗಲೆಲ್ಲ ನಾನು ಕುರಿಗಳ ಕಡೆಗೆ ಹೋಗಿಬಿಡುತ್ತಿದ್ದೆ. ಅವರನ್ನು ನೋಡಿದರೆ ನನ್ನ ಹುಬ್ಬಿನ ಗಂಟು ತಾನಾಗಿ ಸಡಿಲುತ್ತಿತ್ತು, ಆ ಸುಖಕ್ಕೆ ನಾನು ಹೆದರುತ್ತಿದ್ದೆ.

ಈ ವರ್ಷ ತಟ್ಟೆ ಹಿಡಿದು ಹೋದ ನನಗೂ ನನ್ನ ತಮ್ಮ ಚನ್ನಮಲ್ಲನಿಗೂ ಮೊದಲ ಮನೆಯಲ್ಲೇ ಕೆಟ್ಟ ಸುದ್ದಿ ಕಾದಿತ್ತು. ರಾಚಪ್ಪ ಮಾಸ್ತರರೆಂದರೆ ಊರಿನ ನಂಬಿಕಸ್ಥ ಭಾರ. ಶಾಲೆಯ ಚಾವಣಿ, ಮಗಳ ಮದುವೆ, ತಮ್ಮ ಮಂಡಿನೋವು, ಮೂರೂ ಅವರಿಗೆ ಖಾಯಂ. ಈ ಸಲ ಬಾಗಿಲಿಗೆ ಬಂದವರೇ ಕೈ ಹಿಸುಕಿಕೊಂಡರು. "ಏನ ಹೇಳ್ಲೆವಾ, ಮಗಳ ಮದುವಿ ಗೊತ್ತಾತು. ಸಾಲಿ ಮಾಳಗಿ ಸೋರೂದು ನಿಂತೈತಿ. ಮಂಡಿಗೂ ಯಾರೋ ಎಣ್ಣಿ ಕೊಟ್ಟಾರ. ನಿಮ್ಮ ಮುಂದ ನಿಲ್ಲಾಕ ನಾಚಿಕಿ ಬರಾಕತ್ತೈತಿ."

ಅಲ್ಲಿಂದ ಸಿದ್ರಾಮನ ಮನೆಗೆ ಹೋದೆವು. ಅಣ್ಣನ ಕೂಡ ಬದುವಿನ ಜಗಳ ಅವನಿಗೆ, ಕೋರ್ಟಿನಲ್ಲಿ ಹಳೆಯದಾಗಿ ಘಮಘಮಿಸುವಂಥದ್ದು. ಹೋಗಿ ನೋಡಿದರೆ ಅಣ್ಣ ತಮ್ಮ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದಾರೆ. "ರಾಜಿ ಆತು ಅಕ್ಕಾರ," ಎಂದ ಸಿದ್ರಾಮ, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ಮುಂದಿನ ವರ್ಷ ಮತ್ತ ಜಗಳಾ ಆಡ್ತೀವಿ, ನೀವೇನ ಚಿಂತಿ ಮಾಡಬ್ಯಾಡ್ರಿ." ಚಿಂತೆ ಮಾಡುವುದೇ ನನ್ನ ಕಸುಬು ಎಂದು ಅವನಿಗೆ ಬೇರೆ ಹೇಳಬೇಕಿತ್ತೆ? ಊರೆಲ್ಲ ಸುತ್ತಿದರೂ ಅದೇ ಕಥೆ. ಕಳೆದ ಎಮ್ಮೆ ಸಿಕ್ಕಿದೆ, ಓಡಿಹೋದ ಅಳಿಯ ಬಂದಿದ್ದಾನೆ, ಮಳೆ ಹೇಳಿಕಳಿಸಿದ ಹಾಗೆ ಬಂದಿದೆ. ಇಷ್ಟು ಸುಖಿಗಳು ಒಂದೇ ಊರಲ್ಲಿ ಇರುವುದು ಅಪಶಕುನ ಎಂದು ನನಗೆ ಅನ್ನಿಸಿತು.

"ಆಯಿ ಅದಾಳಲ್ಲ ಬಿಡಕ್ಕಾ," ಎಂದ ಚನ್ನಮಲ್ಲ. ನಿಜ, ಆಯಿ ಇದ್ದಳು. ಬೆಟ್ಟದಂಥ ಆಯಿ ಇರುವಾಗ ಹೆದರುವುದೇಕೆ ಎಂದುಕೊಂಡು ಹಣ್ಣು ಕೊಯ್ದೆವು.

ಹಣ್ಣು ತುಳಿಯುವ ದಿನ ಮಧ್ಯಾಹ್ನ ಒಂದು ಎತ್ತಿನ ಗಾಡಿ ಬಂದು ಅಂಗಳದಲ್ಲಿ ನಿಂತಿತು. ಗಾಡಿಯಿಂದ ಮೊದಲು ಒಂದು ಗಂಟು ಇಳಿಯಿತು, ಆಮೇಲೆ ಒಂದು ಕೋಲು, ಅದರ ಹಿಂದೆ ಒಬ್ಬ ಮುದುಕಿ. ಬಾಯಲ್ಲಿ ಒಂದೂ ಹಲ್ಲಿಲ್ಲ. ನೆಟ್ಟಗೆ ಹಣ್ಣು ತುಳಿಯುವ ತೊಟ್ಟಿಯ ಹತ್ತಿರ ಬಂದು, ರಸದೊಳಗೆ ಬೆರಳದ್ದಿ, ಚೀಪಿ, ಆಯಿಯ ಮುಖ ನೋಡಿ ಕೇಳಿದಳು.

"ಯಾಕಕ್ಕಾ, ನಾ ಇಲ್ದನೂ ಹುಳಿನ ಐತಲ್ಲ?"

ಆಯಿ ಕೈಯಲ್ಲಿದ್ದ ಬುಟ್ಟಿ ಬಿಟ್ಟಳು. ಹಣ್ಣು ಉರುಳಿ ಬಾತುಕೋಳಿಗಳ ಪಾಲಾಯಿತು. ತಂಗಿಯ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದಳು, ಬಾಯಿ ತೆರೆಸಿ ಹಲ್ಲು ಎಲ್ಲಿ ಹೋದವು ಎಂದು ನೋಡಿದಳು, ಆಮೇಲೆ ನಕ್ಕಳು. ನನ್ನ ಆಯುಷ್ಯದಲ್ಲಿ ನಾನು ಆ ನಗು ಕೇಳಿರಲಿಲ್ಲ. ಮೊದಲು ತುಕ್ಕು ಹಿಡಿದ ಚಿಲಕದ ಹಾಗೆ ಕಿರುಗುಟ್ಟಿತು, ಒಮ್ಮೆ ತೆರೆದ ಮೇಲೆ ನಿಲ್ಲಲೇ ಇಲ್ಲ. ಇಬ್ಬರೂ ಊಟ ಮಾಡುತ್ತ ನಕ್ಕರು, ಒಬ್ಬರ ತಲೆಗೊಬ್ಬರು ಎಣ್ಣೆ ಹಚ್ಚುತ್ತ ನಕ್ಕರು, ಸತ್ತ ನೆಂಟರನ್ನೆಲ್ಲ ನೆನೆಸಿಕೊಂಡೂ ನಕ್ಕರು.

ಚನ್ನಮಲ್ಲ ನನ್ನ ಕಿವಿಯಲ್ಲಿ, "ಅಕ್ಕಾ, ಕೆಲಸಾ ಕೆಟ್ಟತು" ಎಂದ. ನಾನು ತಂಗೆವ್ವನ ಹತ್ತಿರ ಹೋಗಿ ವಿನಯದಿಂದಲೇ ಹೇಳಿದೆ. "ಸಣ್ಣಾಯಿ, ಭಾಳ ದಣದು ಬಂದೀರಿ. ಪ್ಯಾಟ್ಯಾಗ ನಮ್ಮ ಸ್ವಾದರಮಾವನ ಮನಿ ಐತಿ. ರಸಾ ತಣ್ಣಗಾಗೂತನಾ ಅಲ್ಲಿ ಆರಾಮ ಇದ್ದು..."

"ಆರಾಮ ಇಲ್ಲೇ ಐತೆವಾ," ಎಂದು ಅವಳು ಆಯಿಯ ತೊಡೆಯ ಮೇಲೆ ಕಾಲು ಚಾಚಿದಳು. ಆಯಿ ಆ ಕಾಲನ್ನು ಒತ್ತುತ್ತ ಕೂತಳು.

ನನಗೆ ಸಂತೋಷವಾಗಲಿಲ್ಲವೆಂದಲ್ಲ. ಆಯಿಯ ಆ ಮುಖ ನೋಡಿ ಕಣ್ಣು ತುಂಬಿತ್ತು. ಆದರೆ ಮನೆ ಹಿಡಿಯುವ ಕೆಲಸ ಈಗ ನನ್ನೊಬ್ಬಳದೇ ಎಂಬುದೂ ಅದೇ ಗಳಿಗೆಯಲ್ಲಿ ಹೊಳೆಯಿತು. ನಾನು ಆ ದಿನದಿಂದ ಮೌನೇಶಪ್ಪನವರು ಇರುವ ದಿಕ್ಕಿಗೆ ತಲೆ ಹಾಕಿಯೂ ಮಲಗಲಿಲ್ಲ.

ರಸ ತುಂಬಿ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಚನ್ನಮಲ್ಲ ಪೀಪಾಯಿಗೆ ಕಿವಿ ಹಚ್ಚಿ, "ಬಂತು" ಎಂದ. ಒಳಗೆ ಸಂತೆಯ ಗದ್ದಲದ ಹಾಗೆ ಗುಳುಗುಳು ಶುರುವಾಗಿತ್ತು. ಭಾರಕ್ಕೆ ಬಂದವರನ್ನು ನೋಡಿದರೆ ಅಳಬೇಕೋ ನಗಬೇಕೋ ತಿಳಿಯದು. ಒಬ್ಬಳ ಕೋಳಿ ಮೊಟ್ಟೆ ಇಡುತ್ತಿರಲಿಲ್ಲ, ಅದು ಒಂದು ಚಿಂತೆ. ಒಬ್ಬನಿಗೆ ಹಲ್ಲುನೋವು, ಅದನ್ನು ಮನೆ ಚಿಂತೆಯೆಂದು ಒಪ್ಪಲೇ ಇಲ್ಲ. ರಾಚಪ್ಪ ಮಾಸ್ತರು ಮರ್ಯಾದೆಗಾಗಿ ಬಂದಿದ್ದರು, ಚಿಂತೆ ನೆನಪಿಸಿಕೊಳ್ಳಲು ಕಣ್ಣು ಮುಚ್ಚಿ ಕೂತವರು ಮಗಳ ಮದುವೆಯ ಹೋಳಿಗೆ ನೆನೆದು ಮುಗುಳ್ನಗುತ್ತಿದ್ದರು. ಅದರ ಮೇಲೆ ಆ ಇಬ್ಬರು ಮುದುಕಿಯರು ಪಡಸಾಲೆಯ ಅಂಚಿನಲ್ಲಿ ಕೂತು ಕಿಸಿಕಿಸಿ ನಗುತ್ತಿದ್ದಾರೆ. ಇಳಿಯಿರಿ ಎಂದರೆ ಆಯಿ, "ಮನಿ ನಂದು" ಎನ್ನುತ್ತಾಳೆ.

ಮನೆ ಗೇಣುದ್ದ ಎದ್ದಿತು. ನಾನು ಹಲ್ಲು ಕಚ್ಚಿ ಚಿಂತಿಸಿದೆ. ಪೀಪಾಯಿ ಹೋದ ಹಾಗೆ, ಹೆಪ್ಪು ಹೋದ ಹಾಗೆ, ಚನ್ನಮಲ್ಲ ಅಂಗಡಿಯಲ್ಲಿ ನಿಂತು ಪುಡಿ ಕೇಳಿದ ಹಾಗೆ. ಅಷ್ಟಕ್ಕೆ ಅರ್ಧ ಗೇಣು ಇಳಿಯಿತು. ಅದೇ ಹೊತ್ತಿಗೆ ಪೀಪಾಯಿಯ ಸಂದೊಂದು ಸೋರತೊಡಗಿತು. ಚನ್ನಮಲ್ಲ ಓಡಿಹೋಗಿ ಮೌನೇಶಪ್ಪನವರನ್ನು ಕರೆತಂದ. ಅವರು ಸೆಣಬು ಮೇಣ ಹಿಡಿದು, ನನ್ನನ್ನು ನೋಡದವರ ಹಾಗೆ ನೋಡಿ, ಒಳಗೆ ಹೋದರು. ಮನೆ ಮೊಣಕಾಲೆತ್ತರಕ್ಕೆ ಬಂತು.

ಆಗ ಚನ್ನಮಲ್ಲನ ತಲೆಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಉಪಾಯ ಹೊಳೆದಾಗ ನಾವು ಸಾಮಾನ್ಯವಾಗಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತೇವೆ. ಹಿಂದಿನ ಓಣಿಯಲ್ಲಿ ದುರಗವ್ವ ಎಂಬಾಕೆ ಇದ್ದಾಳೆ, ಸಾವಿನ ಮನೆಗಳಲ್ಲಿ ಅಳುವ ಹಾಡು ಹೇಳುವವಳು. ಅವಳ ಹಾಡು ಕೇಳಿ ಹೆಣ ಹೊತ್ತವರು ದಾರಿ ತಪ್ಪಿದ್ದುಂಟು. ಅವಳನ್ನು ಕರೆತಂದು ಪಡಸಾಲೆಗೆ ಹತ್ತಿಸಿ, "ಎಲ್ಲಾರಿಗೂ ದುಃಖ ಆಗೂ ಹಂಗ ಹಾಡಬೇ" ಎಂದ.

ದುರಗವ್ವ ಸೆರಗು ತಲೆಗೆಳೆದು ಶುರುಮಾಡಿದಳು. ತವರಿಗೆ ಹೊರಟ ಮಗಳೊಬ್ಬಳು, ದಾರಿಯಲ್ಲಿ ಅಡ್ಡ ಬಂದ ಹೊಳೆ, ಆಚೆ ದಡದಲ್ಲಿ ಬುತ್ತಿ ಹಿಡಿದು ನಿಂತ ತಾಯಿ. ಮೊದಲ ನುಡಿಗೇ ಮಾಸ್ತರು ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡರು. ಎರಡನೆಯದಕ್ಕೆ ಕೋಳಿಯವಳು ಬಿಕ್ಕಿದಳು. ಆಮೇಲೆ ಎಲ್ಲರೂ ಅತ್ತರು, ಬೇಲಿಯ ಹೊರಗೆ ನಿಂತವರೂ ಅತ್ತರು. ಆಯಿ ತಂಗೆವ್ವ ಒಬ್ಬರ ಸೆರಗಿನಲ್ಲೊಬ್ಬರು ಮೂಗು ಒರೆಸಿಕೊಂಡರು. ಮನೆ ಹೊಡೆತ ತಿಂದ ಹಾಗೆ ದೊಪ್ಪನೆ ಕೆಳಗೆ ಕೂತಿತು. ಚನ್ನಮಲ್ಲ ನನ್ನ ಕಡೆ ನೋಡಿ ಮೀಸೆ ತಿರುವಿದ. ನಾನೂ ಅತ್ತೆ. ಎಷ್ಟು ವರ್ಷಗಳಿಂದ ಕಟ್ಟಿಟ್ಟದ್ದೋ, ಮಳೆಗಾಲದ ಹಳ್ಳದ ಹಾಗೆ ಬಂತು. ಮಳೆಯ ಚಿಂತೆ, ಬಳ್ಳಿಯ ಚಿಂತೆ, ಮೆಟ್ಟಿಲ ಮೇಲೆ ನಿಂತು ಕೇಳಿದವರಿಗೆ ಬಾಗಿಲು ಹಾಕಿದ್ದು, ಎಲ್ಲ ಹರಿದುಹೋಯಿತು.

ಹಾಡು ಮುಗಿಯಿತು. ಮಾಸ್ತರು ಮೂಗು ಸೀಟಿ, ದೊಡ್ಡದೊಂದು ಉಸಿರು ಬಿಟ್ಟು, "ಅತ್ತದ್ದಕ್ಕ ಎಷ್ಟ ಆರಾಮ ಆತ ನೋಡವಾ" ಎಂದರು.

ಎಲ್ಲರಿಗೂ ಆರಾಮವಾಗಿತ್ತು. ಮುಖಗಳು ತೊಳೆದಿಟ್ಟ ತಾಟುಗಳ ಹಾಗೆ ಫಳಫಳ ಎನ್ನುತ್ತಿದ್ದವು. ನಾನು ಚನ್ನಮಲ್ಲನನ್ನು ನೋಡಿದೆ, ಅವನ ಮೀಸೆ ಕೆಳಗಿಳಿದಿತ್ತು. ಮರುಗಳಿಗೆಗೆ ಮನೆ ಎದ್ದಿತು. ಮೊದಲಿನ ಹಾಗೆ ಮೆಲ್ಲಗೆ ಅಲ್ಲ, ಕೊಡ ಹೊತ್ತ ಹುಡುಗಿ ಎದ್ದ ಹಾಗೆ ಒಂದೇ ಏಟಿಗೆ. ಮಾಸ್ತರು ವಯಸ್ಸು ಮರೆತು ಹಾರಿದರು, ಕೋಳಿಯವಳು ಹಾರಿದಳು, ದುರಗವ್ವ ಕಾಣಿಕೆ ಇನ್ನೂ ಕೊಟ್ಟಿಲ್ಲವೆಂದು ಕೂಗುತ್ತಲೇ ಹಾರಿದಳು. ಬೇವಿನ ಮರದ ಹಗ್ಗ ಫಟ್ ಎಂದು ಹರಿಯಿತು. ಮೇಲೆ ಉಳಿದವರು ಇಬ್ಬರು ಮುದುಕಿಯರು, ಕಂಬ ತಬ್ಬಿಕೊಂಡ ನಾನು, ಪೀಪಾಯಿಯ ಹಿಂದೆ ಇದಾವುದೂ ಗೊತ್ತಿಲ್ಲದೆ ಮೇಣ ಹಚ್ಚುತ್ತಿದ್ದ ಮೌನೇಶಪ್ಪ.

ಕೆಳಗೆ ಚನ್ನಮಲ್ಲ ಹರಿದ ಹಗ್ಗದ ತುದಿಗೆ ಜಿಗಿಯುತ್ತ ಓಡುತ್ತಿದ್ದ. ಬಾತುಕೋಳಿಗಳು ತಲೆ ಓರೆ ಮಾಡಿ ನೋಡಿದವು. ನಮ್ಮ ಚಪ್ಪರಗಳು ಹಾಸಿದ ಹಚ್ಚನೆಯ ಜಮಖಾನೆಯಾದವು, ಆಮೇಲೆ ಕರವಸ್ತ್ರವಾದವು. ನಾನು ಚಿಂತಿಸಲು ನೋಡಿದೆ. ಜೀವವನ್ನೆಲ್ಲ ಒಟ್ಟುಮಾಡಿ ನೋಡಿದೆ. ಆದರೆ ಮನೆ ಎದ್ದು ಹೋದರೆ ಏನು ಗತಿ ಎಂಬುದಲ್ಲವೆ ನನ್ನ ಚಿಂತೆ? ಎದ್ದು ಹೋಗಿತ್ತು. ಆಗಿಹೋದದ್ದರ ಬಗ್ಗೆ ಆದೀತೆಂದು ಹೆದರುವುದು ಹೇಗೆ? ಎದೆಯಲ್ಲಿ ಆ ಚಿಂತೆ ಇದ್ದ ಜಾಗ ಮುಟ್ಟಿ ನೋಡಿಕೊಂಡೆ, ಖಾಲಿ ಕಣಜದ ಹಾಗೆ ಗಾಳಿಯಾಡುತ್ತಿತ್ತು. ಮನೆ ಇನ್ನಷ್ಟು ಮೇಲೆ ಹೋಯಿತು.

ಮೌನೇಶಪ್ಪನವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಸುಗಲವ್ವಾರ, ಸೋರೂದು ನಿಲ್ಲಿಸೀನ್ರಿ," ಎಂದು ಮೆಟ್ಟಿಲಿಗೆ ಕಾಲಿಡಲು ಹೋದವರು ಕೆಳಗೆ ನೋಡಿ ಕಾಲು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಹೇಳಿದರು. "ಹಂಗಾದ್ರ ಊಟಕ್ಕ ಮನೀಗೆ ಹೋಗೂದು ಆಗಂಗಿಲ್ಲ."

ನಾನು ನಕ್ಕೆ. ತಡೆಯಲಿಲ್ಲ, ತಡೆಯಲು ಕಾರಣವೂ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಂಬ ಜಾರಿ, ಹಲಗೆಯ ಮೇಲೆ ಕೂತು ನಕ್ಕೆ. ಮನೆ ಮೋಡವೊಂದನ್ನು ಸವರಿಕೊಂಡು ಹೋಯಿತು. ಭಾರಕ್ಕೆಂದು ತಂದಿಟ್ಟ ರೊಟ್ಟಿಯ ಬುಟ್ಟಿ ಮೇಲೆಯೇ ಉಳಿದಿತ್ತು. ನಾಲ್ವರೂ ಕಾಲು ಇಳಿಬಿಟ್ಟು ಕೂತು ರೊಟ್ಟಿ ತಿಂದೆವು. ಅಷ್ಟು ರುಚಿಯಾದ ಝುಣಕ ನಾನು ಭೂಮಿಯ ಮೇಲೆ ತಿಂದಿಲ್ಲ.

"ಆ ಮಾತು ಮತ್ತ ಕೇಳಬಹುದೇನ್ರಿ?" ಎಂದರು ಮೌನೇಶಪ್ಪ ನನ್ನ ಕಡೆ ನೋಡದೆ.

"ಇಳದ ಮ್ಯಾಲೆ ಹೇಳ್ತೀನ್ರಿ," ಎಂದೆ. ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ ನೋಡಿ. ಇಳಿಯುತ್ತೇವೋ ಇಲ್ಲವೋ ಯಾರಿಗೆ ಗೊತ್ತಿತ್ತು.

ಆಗ ಆಯಿ ತಂಗಿಯನ್ನು ಕೇಳಿದಳು. ಕೆಳಗಿದ್ದಾಗ ಅವಳಿಗೆ ಕೇಳುವ ಧೈರ್ಯ ಬಂದಿರಲಿಲ್ಲವೋ ಏನೋ. "ನನ್ನ ಮ್ಯಾಲೆ ಅಷ್ಟ ಸಿಟ್ಟಿತ್ತೇನ ತಂಗೀ? ನಲವತ್ತ ವರ್ಷ?"

"ಸಿಟ್ಟು ವಾರದಾಗ ಇಳೀತು," ಎಂದಳು ತಂಗೆವ್ವ, ರೊಟ್ಟಿಯನ್ನು ಚಹಾದ ಬದಲು ನೀರಿನಲ್ಲಿ ಅದ್ದಿಕೊಳ್ಳುತ್ತ. "ಗಂಟು ಕಟಿಗೊಂಡು ಹೊಂಟಿದ್ದೆ. ಅಷ್ಟರಾಗ ಸುದ್ದಿ ಬಂತು, ನೀಲವ್ವ ಎಂಥಾ ಭಾರಾಗಿ ಕುಂತಾಳಂದ್ರ ಮನಿ ಕೂದಲೆಳಿ ಏಳವಲ್ದು ಅಂತ. ಗಂಟು ಬಿಚ್ಚಿದೆ. ನಾ ಬಂದ್ರ ನೀ ನಗತಿದ್ದಿ. ಮನಿ ಹೋಗತಿತ್ತು. ಈಗ ಮೊಮ್ಮಗಳು ತಯಾರಾಗ್ಯಾಳ, ಅಕ್ಕನ ಭಾರ ಇನ್ನ ಸಾಕು ಅಂತ ಯಾರೋ ಹೇಳಿದ್ರು. ಅವತ್ತಽ ಗಾಡಿ ಕಟ್ಟಿಸಿದೆ."

ಆಯಿ ಅವಳ ಕೈ ಹಿಡಿದುಕೊಂಡಳು. "ಛಲೋ ಮಾಡಿದಿ," ಎಂದಳು. "ಮನಿ ನಿಂತಿತ್ತು." ಇಬ್ಬರ ಮುಖದಲ್ಲೂ ದೊಡ್ಡ ಕೆಲಸವೊಂದನ್ನು ಸೇರಿ ಮಾಡಿದವರ ಹೆಮ್ಮೆಯಿತ್ತು. ನನಗೂ ಆಗ ಅದು ಸರಿಯೆಂದೇ ಕಂಡಿತು.

ಮೇಲೆ ಗಾಳಿ ತಣ್ಣಗಿತ್ತು. ಆಯಿಯ ಶಾಲು ಇಬ್ಬರಿಗೂ ಸಾಲಲಿಲ್ಲ. ಅಷ್ಟರಲ್ಲಿ ಮೌನೇಶಪ್ಪನವರು ತಲೆ ಎತ್ತಿ, "ಕೇಳ್ರಿ" ಎಂದರು. ಪೀಪಾಯಿಯೊಳಗಿನ ಗದ್ದಲ ಕಡಿಮೆಯಾಗಿತ್ತು. ಸಂತೆ ಮುಗಿದು ಜನ ಮನೆಗೆ ಹೊರಟ ಹಾಗೆ ಒಂದೊಂದೇ ಗುಳ್ಳೆ ಮಾತಾಡುತ್ತಿತ್ತು. ಕೈ ಇಟ್ಟು ನೋಡಿದೆ, ಪೀಪಾಯಿ ಬಾವಿನೀರಿನ ಹಾಗೆ ತಂಪು. ಕಾಲ ಕೆಳಗಿನ ಕರವಸ್ತ್ರ ಮತ್ತೆ ಜಮಖಾನೆಯಾಗತೊಡಗಿತು. ನಾವು ಇಳಿಯುತ್ತಿದ್ದೆವು. ಯಾರೂ ಭಾರ ಹಾಕಿರಲಿಲ್ಲ, ಯಾರೂ ಎಳೆದಿರಲಿಲ್ಲ. ತಾನಾಗಿ, ತೊಟ್ಟಿಲಲ್ಲಿ ಮಗು ಇಳಿಸಿದ ಹಾಗೆ ಮನೆ ಬಂದು ಸಿದ್ರಾಮನ ಶೇಂಗಾ ಹೊಲದಲ್ಲಿ ಕೂತಿತು. ಒಂದು ಹನಿಯೂ ಚೆಲ್ಲಿರಲಿಲ್ಲ.

ಊರೆಲ್ಲ ಓಡಿಬಂತು. ಚನ್ನಮಲ್ಲ ಏದುಸಿರು ಬಿಡುತ್ತ ಬಂದವನೇ ಪೀಪಾಯಿಯ ತೂಬು ತೆಗೆದು ಒಂದು ಬಟ್ಟಲು ಹಿಡಿದ. ಅರ್ಧ ಉಕ್ಕಿದ ರಸ ಅದು, ಇನ್ನೂ ಮಂದ. ಮೂಗಿಗೆ ಹಿಡಿದು ಎರಡೆರಡು ಸಲ ಮೂಸಿದ. ನನ್ನ ಕೈಗೆ ಕೊಟ್ಟ. ನಮ್ಮ ರಸಕ್ಕೆ ಯಾವತ್ತೂ ಬೇಯಿಸಿದ ಹಣ್ಣಿನ ವಾಸನೆ. ಇದಕ್ಕೆ ಬೆಳಗಿನ ಜಾವ ಚಪ್ಪರದ ಕೆಳಗೆ ಹೋದಾಗ ಬರುವ ಬಳ್ಳಿಹೂವಿನ ಪರಿಮಳ ಇತ್ತು. "ಅಕ್ಕಾ," ಎಂದ ಅವನು, "ಏಳು ತಲಿಮಾರು ಮನಿ ಬಿಸಲಾಗ ಹಿಡಕೊಂಡ ಕುಂತು ಇದನ್ನ ಕುದಿಸೀವಿ. ಇದಕ್ಕ ಮ್ಯಾಲೆ ಹೋಗಿ ತಣ್ಣಗಾಗೂದು ಬೇಕಾಗಿತ್ತು."

ಜನ ಕುಣಿದರು. ಬಟ್ಟಲು ಕೈಯಿಂದ ಕೈಗೆ ಹೋಯಿತು. ಸಿದ್ರಾಮ ತನ್ನ ಶೇಂಗಾ ಹಾಳಾದದ್ದಕ್ಕೆ ಅಳುವುದನ್ನೂ ಮರೆತ. "ತಾನಽ ಇಳೀತೈತಿ, ತಾನಽ ಇಳೀತೈತಿ" ಎಂದು ಮಾಸ್ತರು ಮಂಡಿ ಮರೆತು ಹಾಡಿದರು. ಆ ಮಾತು ಪಡಸಾಲೆಯ ಅಂಚಿಗೆ ತಲುಪಲು ಸ್ವಲ್ಪ ಹೊತ್ತು ಹಿಡಿಯಿತು.

"ತಾನಾಗೇ ಇಳೀತೈತೇನಕ್ಕಾ?" ಎಂದಳು ತಂಗೆವ್ವ ಮೆಲ್ಲಗೆ.

ಆಯಿ ತಂಗಿಯ ಬೊಚ್ಚುಬಾಯಿ ನೋಡುತ್ತಿದ್ದಳು, ಮಡಿಲಲ್ಲಿದ್ದ ಆ ಸುಕ್ಕುಗಟ್ಟಿದ ಕೈಯನ್ನು ನೋಡುತ್ತಿದ್ದಳು. ಮನೆ ನರಳಿತು. ಹಲಗೆಗಳು ಕಿರುಗುಟ್ಟಿದವು. ಎಲ್ಲರ ಕಣ್ಣೆದುರೇ ಮನೆ ಮಣ್ಣಿನೊಳಗೆ ಇಳಿಯತೊಡಗಿತು, ಮೊದಲು ಕೆಳಗಿನ ಮೆಟ್ಟಿಲು, ಆಮೇಲೆ ಅದರ ಮೇಲಿನದು. ಕುಣಿಯುತ್ತಿದ್ದವರು ನಿಂತರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಒಬ್ಬರಾದರೂ ಒಂದು ವರ್ಷವಾದರೂ ಕೈ ಬಿಟ್ಟು ನೋಡಿದ್ದರೆ ಈ ಇಬ್ಬರು ಹಲ್ಲಿದ್ದಾಗಲೇ ಕೂಡಿ ನಗುತ್ತಿದ್ದರು. ನಾನು ಹೋಗಿ ಆಯಿಯ ಮುಂದೆ ಕೂತೆ. ಅವಳ ಮೊಣಕಾಲು ಹಿಡಿದುಕೊಂಡೆ.

ಆಯಿ ನನ್ನ ಮುಖ ನೋಡಿದಳು. ಆಮೇಲೆ ಪೀಪಾಯಿಯ ಹತ್ತಿರ ಟೋಪಿ ಹಿಡಿದು ನಿಂತಿದ್ದ ಮೌನೇಶಪ್ಪನವರನ್ನು ನೋಡಿದಳು.

"ಸುಗಲಾ, ಮ್ಯಾಲ ಅಂವ ಏನೋ ಕೇಳಿದ್ನಲ್ಲ."

"ಹೂಂ."

"ಏನಂದಿ?"

"ಇಳದ ಮ್ಯಾಲೆ ಹೇಳ್ತೀನಂದೆ."

"ಇಳದೀವಲ್ಲ," ಎಂದಳು ಆಯಿ. "ಇನ್ನೇನ ನಲವತ್ತ ವರ್ಷ ಬೇಕೇನ ನಿನಗ?"

ನಾನು ಎದ್ದು ನಿಂತೆ. ಇಡೀ ಊರು ನೋಡುತ್ತಿತ್ತು, ಕೋಳಿಯವಳು ಬಟ್ಟಲು ಹಿಡಿದುಕೊಂಡೇ ಬಾಯಿ ತೆರೆದಿದ್ದಳು. ನನಗೆ ನಾಚಿಕೆಯಾಗಲಿಲ್ಲ. "ಮೌನೇಶಪ್ಪಾರ," ಎಂದೆ, "ಆಗ್ತೀನ್ರಿ. ಚಿಂತಿ ಹೆಚ್ಚಾದ್ರೂ ಆಗಲಿ."

ಮೊದಲು ನಕ್ಕವಳು ತಂಗೆವ್ವ. ಆಮೇಲೆ ಆಯಿ, ಕಣ್ಣು ಒರೆಸಿಕೊಳ್ಳುತ್ತ. ಮೇಲಿನ ಮೆಟ್ಟಿಲು ಮಣ್ಣು ಕೊಡವಿಕೊಂಡು ಹೊರಗೆ ಬಂತು, ಅದರ ಹಿಂದೆ ಕೆಳಗಿನದು. ಪೀಪಾಯಿ ಬಿಸಿಲಿಗೆ ಬೆಚ್ಚಗಾಗಿ ಮತ್ತೆ ಗುಳುಗುಳು ಶುರುಮಾಡಿತ್ತು. ಚನ್ನಮಲ್ಲ ಅಭ್ಯಾಸಬಲದಿಂದ ಯಾರದೋ ಗಾಡಿಯಿಂದ ಹೊಸ ಹಗ್ಗ ತಂದು ಕಂಬಕ್ಕೆ ಸುತ್ತತೊಡಗಿದ.

"ಅದನ್ನ ಒಯ್ದು ಬಾವಿಗೆ ಕಟ್ಟೋ," ಎಂದಳು ಆಯಿ. "ನೀರಾದ್ರೂ ಸೇದಾಕ ಬರತೈತಿ."

ಅವನು ಹಗ್ಗ ಬಿಚ್ಚಿದ. ಇಬ್ಬರು ಮುದುಕಿಯರು ಪಡಸಾಲೆಯ ಅಂಚಿನಲ್ಲಿ ಒತ್ತರಿಸಿ ಕೂತು, ನನಗೂ ಮೌನೇಶಪ್ಪನವರಿಗೂ ಜಾಗ ಮಾಡಿಕೊಟ್ಟರು.